ಜ್ವರದಲ್ಲೂ ತಪ್ಪದ ಹಾಜರಿ

‘ಮೈ ಸುಡುತ್ತಿದ್ದರೂ ಒಂದು ದಿನ ರಜೆ ಹಾಕಿಲ್ಲ ಸರ್ ಈ ಹುಡುಗಿ.’ ಚೆನ್ನೈನ ವೇಲಚೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಮೇಲ್ವಿಚಾರಕರು ಹೆಮ್ಮೆಯಿಂದ ಹೇಳಿದ ಮಾತಿದು. ಆಕೆ ಕೆಮ್ಮು ತಡೆದುಕೊಳ್ಳುತ್ತಲೇ ಒಂದಾದ ಮೇಲೊಂದು ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಬಿಲ್ ಪುಸ್ತಕದ ಕೆಳಗಿನಿಂದ ಅರ್ಧ ಖಾಲಿಯಾದ ಡೋಲೋ ಜ್ವರದ ಮಾತ್ರೆಯ ಪಟ್ಟಿ ಇಣುಕುತ್ತಿತ್ತು. ಆ ಹೊಗಳಿಕೆಯನ್ನು ನಾನು ಒಪ್ಪಲಾರೆ. ಕಾಯಿಲೆ ಬಿದ್ದವರನ್ನು ಕೆಲಸಕ್ಕೆ ಎಳೆತರುವುದು ಕೆಲಸದ ಕರಾರು. ಅದಕ್ಕೆ ನಿಷ್ಠೆಯ ಹೆಸರು ಕೊಡುವುದು ಅನ್ಯಾಯ.

ಕರಾರು ಹೇಗಿದೆ ನೋಡಿ. ತಮಿಳುನಾಡಿನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ಕಾಯಿಲೆ ರಜೆ ಕೊಟ್ಟಿದೆ. ಆದರೆ ನೇಮಕಾತಿ ಪತ್ರವೇ ಕೈಯಲ್ಲಿಲ್ಲದವರು ಆ ಹಕ್ಕನ್ನು ಯಾವ ಧೈರ್ಯದಿಂದ ಕೇಳಬೇಕು? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ಕಾಯಿಲೆ ಬಿದ್ದರೆ ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಹೊಸದಾಗಿ ಹಾಸಿಗೆ ಹಿಡಿದಾಗ ಮೊದಲ ಎರಡು ದಿನಕ್ಕೆ ಈ ಹಣ ಸಿಗುವುದಿಲ್ಲ. ಮಾಮೂಲಿ ವೈರಲ್ ಜ್ವರ ಮನುಷ್ಯನನ್ನು ಹಣ್ಣು ಮಾಡುವುದೂ ಪಕ್ಕದವರಿಗೆ ಹರಡುವುದೂ ಮೊದಮೊದಲ ದಿನಗಳಲ್ಲೇ! ಇದರ ಮೇಲೆ ಅಟೆಂಡೆನ್ಸ್ ಬೋನಸ್ ಬೇರೆ: ಒಂದು ದಿನ ತಪ್ಪಿದರೆ ಇಡೀ ತಿಂಗಳದ್ದು ಹೋಯಿತು. ಮನೆ ಬಾಡಿಗೆ ಕಟ್ಟಬೇಕಾದವರು ಮಾತ್ರೆ ನುಂಗಿ ಬಸ್ ಹತ್ತದೆ ಇನ್ನೇನು ಮಾಡಿಯಾರು?

ಚೆನ್ನೈಗೆ ಹಿಂಗಾರು ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ತಗ್ಗಿನ ವೇಲಚೇರಿಯಲ್ಲಿ ನೀರು ನಿಂತು ಸೊಳ್ಳೆ, ಡೆಂಗಿ ಏಳುವ ಕಾಲ ಅದು. ದೀಪಾವಳಿ ವ್ಯಾಪಾರದ ಕಾಲವೂ ಅದೇ. ಜ್ವರ ಮನೆಮನೆ ಹೊಕ್ಕ ಹೊತ್ತಿನಲ್ಲೇ ರಜೆ ಕೇಳುವುದು ಅಪರಾಧವಾಗಿಬಿಡುತ್ತದೆ.

ಇದು ಇಲ್ಲಿನ ಕಥೆ ಮಾತ್ರವಲ್ಲ. 2000ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಹುಷಾರಿಲ್ಲದೆಯೂ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಕಂಡದ್ದು ಆರೈಕೆಯ ಕೆಲಸಗಳಲ್ಲಿ ಮತ್ತು ಶಾಲೆಗಳಲ್ಲಿ. ಅವರ ಜಾಗಕ್ಕೆ ಬದಲಿ ಜನ ಸಿಗುವುದು ಕಷ್ಟ. ಇನ್ನು ಲಂಡನ್ನಿನ ಸರ್ಕಾರಿ ನೌಕರರ ಕುರಿತ ವೈಟ್‌ಹಾಲ್ ಅಧ್ಯಯನ 2005ರಲ್ಲಿ ಎಚ್ಚರಿಸಿತು: ಆರೋಗ್ಯ ಕೆಟ್ಟಿದ್ದರೂ ಒಂದೂ ರಜೆ ಹಾಕದ ಗಂಡಸರಲ್ಲಿ, ಮಿತವಾಗಿ ರಜೆ ಹಾಕಿದವರಿಗಿಂತ ಗಂಭೀರ ಹೃದಯಾಘಾತ ಎರಡು ಪಟ್ಟು ಹೆಚ್ಚು.

ಸಣ್ಣ ಅಂಗಡಿಯವರ ಕಷ್ಟ ಸುಳ್ಳಲ್ಲ. ಮೂವರೇ ಆಳುಗಳಿರುವ ಕಡೆ ಒಬ್ಬರು ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಸುಳ್ಳು ಹೇಳಿ ರಜೆ ಹಾಕುವವರೂ ಇದ್ದಾರೆ. ಬೆನ್ನುನೋವು, ಮನಸ್ಸಿನ ಬೇಗೆ ಇರುವ ಕೆಲವರಿಗೆ ಹಗುರ ಕೆಲಸವೇ ಚೇತರಿಕೆ ಎಂಬುದೂ ನಿಜ. ಆದರೆ ಹಗುರ ಕೆಲಸವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಮಾತ್ರ ಅದು ಔಷಧ. ಸುಳ್ಳು ಹೇಳುವ ಒಬ್ಬನಿಗಾಗಿ ನಿಜವಾಗಿ ನರಳುವ ಹತ್ತು ಜನಕ್ಕೆ ದಂಡ ಹಾಕುವುದು ಯಾವ ನ್ಯಾಯ? ಬೆವರು ಸುರಿಸದೆ ದೇಶ ಬೆಳೆಯದು ಎನ್ನುವವರಿಗೆ ಒಂದೇ ಮಾತು: ಜ್ವರದ ಬೆವರಿನಿಂದ ಯಾವ ದೇಶವೂ ಬೆಳೆದಿಲ್ಲ.

ದಿನವಿಡೀ ನಿಂತೇ ಇರುವುದನ್ನೂ ಅಂಗಡಿಗಳಲ್ಲಿ ಶಿಸ್ತು ಎಂದೇ ಕರೆಯುತ್ತಿದ್ದರು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿ ನೌಕರರಿಗೆ ಕೂರುವ ಹಕ್ಕು ಕೊಟ್ಟವು. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ದೇಹದ ನೋವನ್ನು ಕಾನೂನು ಗುರುತಿಸಬಲ್ಲದು ಎಂಬುದಕ್ಕೆ ಇಷ್ಟು ಸಾಕು. ಈಗ ಬೇಕಾದದ್ದು ಎರಡು: ಇಎಸ್‌ಐನಲ್ಲಿ ಮೊದಲ ಎರಡು ದಿನಕ್ಕೂ ಹಣ ಸಿಗಬೇಕು, ಕಾಯಿಲೆಯ ದಿನ ಹಾಜರಿ ಬೋನಸ್ಸನ್ನು ಕಸಿಯಬಾರದು. ಇಷ್ಟಾದ ಮೇಲೂ ಒಬ್ಬರು ಜ್ವರದಲ್ಲಿ ಕೆಲಸಕ್ಕೆ ಬಂದರೆ ಅದು ಅವರ ಆಯ್ಕೆ. ಅಲ್ಲಿಯವರೆಗೆ ಅದನ್ನು ಬಲವಂತ ಎಂದೇ ಕರೆಯಬೇಕು.