‘ಹಾಳು ಹಂಪೆ’ ಎಂಬ ಅಪಶಬ್ದ

ಹಂಪೆಯ ಮಾತು ಬಂದೊಡನೆ ನಮ್ಮ ವಿದ್ಯಾವಂತರು ಒಂದು ನಿಟ್ಟುಸಿರನ್ನು ಬಿಟ್ಟು ‘ಹಾಳು ಹಂಪೆ’ ಎನ್ನುತ್ತಾರೆ. ಈ ಶಬ್ದವು ಅನುಚಿತವೆಂದೂ ಅನರ್ಥಕಾರಿಯೆಂದೂ ವಾಚಕ ಮಹಾಶಯರಲ್ಲಿ ವಿಜ್ಞಾಪಿಸಬೇಕಾಗಿದೆ.

ಪಟ್ಟಣವು ೧೫೬೫ನೆಯ ಇಸವಿಯ ಯುದ್ಧಾನಂತರ ಸೂರೆಹೋದುದು ನಿಜ. ವಿಠ್ಠಲನ ಗುಡಿಯಲ್ಲಿಯೂ ಅಚ್ಯುತರಾಯನ ಗುಡಿಯಲ್ಲಿಯೂ ಇಂದು ನಿತ್ಯಪೂಜೆಯಿಲ್ಲವೆಂಬುದೂ ನಿಜ. ಇದನ್ನು ಅಲ್ಲಗಳೆಯುವವರು ಯಾರು? ಆದರೆ ವಿರೂಪಾಕ್ಷನಿಗೆ ಇಂದಿಗೂ ನಿತ್ಯಾರ್ಚನೆಯುಂಟು, ಚೈತ್ರದಲ್ಲಿ ರಥೋತ್ಸವವುಂಟು. ಚಕ್ರತೀರ್ಥದ ದಡದ ಕೋದಂಡರಾಮನಿಗೂ ಮಾಲ್ಯವಂತದ ರಘುನಾಥನಿಗೂ ಆರಾಧನೆ ನಡೆದೇ ಇದೆ. ರಾಜಧಾನಿ ಬೇರೆ, ಕ್ಷೇತ್ರ ಬೇರೆ. ಹಾಳಾದುದು ರಾಜಧಾನಿ. ಪಂಪಾಕ್ಷೇತ್ರವಾದರೋ ವಿಜಯನಗರವು ಹುಟ್ಟುವುದಕ್ಕೆ ಮುಂಚೆಯೂ ಇದ್ದಿತು, ಅದು ಅಳಿದ ಮೇಲೂ ಇದೆ.

ಇದಕ್ಕೆ ಹೇಮಕೂಟವೇ ಸಾಕ್ಷಿ. ಅಲ್ಲಿಯ ಗುಡಿಗಳಲ್ಲಿ ಹಲವು ಹರಿಹರ ಬುಕ್ಕರಿಗಿಂತ ಹಿಂದಿನವು. ಮೂರು ಗರ್ಭಗೃಹಗಳುಳ್ಳ ಒಂದು ಗುಡಿಯನ್ನು ಕಂಪಿಲರಾಯನು ತನ್ನ ತಂದೆತಾಯಿಗಳ ಸ್ಮರಣಾರ್ಥವಾಗಿ ಕಟ್ಟಿಸಿ ಶಿವಲಿಂಗಗಳನ್ನು ಪ್ರತಿಷ್ಠಿಸಿದನೆಂದು ಅಲ್ಲಿಯ ಶಾಸನವೇ ಸಾರುತ್ತಿದೆ. ಹೀಗಿದ್ದೂ ಮೆಟ್ಟಿಲುಮೆಟ್ಟಿಲಾದ ಕಲ್ಲಿನ ಶಿಖರಗಳನ್ನು ಕಂಡವರು ಇವೆಲ್ಲ ಜೈನ ಬಸದಿಗಳೆಂದು ಹೇಳುತ್ತ ಬಂದಿದ್ದಾರೆ. ದಾರಿತೋರಿಸುವವರು ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ಹಂಪೆಯಲ್ಲಿ ಜಿನಾಲಯಗಳಿಲ್ಲವೆಂದಲ್ಲ, ಗಾಣಗಿತ್ತಿಯ ಬಸದಿ ಪ್ರಸಿದ್ಧವೇ ಆಗಿದೆ. ಆದರೆ ಶಿಖರವನ್ನು ಕಂಡು ಮತವನ್ನು ನಿರ್ಣಯಿಸುವುದು ರುಮಾಲನ್ನು ಕಂಡು ಗೋತ್ರವನ್ನು ಹೇಳಿದಂತೆ!

ಬರಿಯ ಒಂದು ಶಬ್ದದಿಂದ ಏನು ಹಾನಿ, ಅದು ಮರುಕದ ಮಾತಲ್ಲವೆ, ಎಂದು ಕೆಲವರು ಕೇಳುವರು. ಮರುಕವು ಮೊದಲು ಆಡಿದವರಲ್ಲಿ ಇದ್ದಿರಬಹುದು. ಈಗ ಕೇಳುವವರ ಕಿವಿಗೆ ಅದು ‘ಒಡೆಯರಿಲ್ಲದ ಜಾಗ’ ಎಂದೇ ಬೀಳುತ್ತದೆ. ಹಾಳಾದುದಕ್ಕೆ ಇನ್ನೇನು ಮರ್ಯಾದೆ? ಗೋಡೆಗಳ ಮೇಲೆ ಹೆಸರು ಕೆತ್ತುವವರೂ, ಮಂಟಪದಲ್ಲಿ ಉಂಡು ಎಲೆಯೆಸೆಯುವವರೂ ಹೀಗೆಯೇ ತರ್ಕಿಸುತ್ತಾರೆ. ಕೆಲವು ಯುವಕರು ವಿನೋದಾರ್ಥವಾಗಿ ದೇವಾಲಯದ ಕಂಬವನ್ನುರುಳಿಸಿದ ಸಂಗತಿ ೨೦೧೯ರಲ್ಲಿ ಬೆಳಕಿಗೆ ಬಂದಿತು. ನ್ಯಾಯಾಲಯವು ಅವರಿಗೆ ದಂಡ ವಿಧಿಸಿ, ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಪೂಜೆ ನಡೆಯುವ ಗುಡಿಯ ಕಂಬಕ್ಕೆ ಅವರು ಕೈ ಹಾಕುತ್ತಿದ್ದರೆ?

ನಮ್ಮ ಶಾಲೆಗಳ ಉಪಾಧ್ಯಾಯರಿಗೂ ಒಂದು ಮಾತು. ಮಕ್ಕಳನ್ನು ಕರೆದೊಯ್ದು, ಐವತ್ತು ರೂಪಾಯಿಯ ನೋಟಿನ ಮೇಲಿರುವ ಕಲ್ಲಿನ ರಥವನ್ನು ತೋರಿಸಿ, ಮಧ್ಯಾಹ್ನಕ್ಕೆ ಬಂಡಿಯೇರಿಸಿ ಹಿಂದಿರುಗಿಸುವುದು ಯಾತ್ರೆಯೇ? ಮುಂಜಾನೆ ವಿರೂಪಾಕ್ಷನ ಪೂಜೆಯ ಹೊತ್ತಿಗೆ ಹೋಗಿರಿ. ಅಲ್ಲಿಂದ ಹೇಮಕೂಟವನ್ನು ನಡೆದೇ ಹತ್ತಿಸಿರಿ. ಕಾಲಲ್ಲಿ ಕಸುವುಳ್ಳವರು ಮತಂಗದ ಮೆಟ್ಟಿಲುಗಳನ್ನೂ ಏರಿ ನೆತ್ತಿಯ ವೀರಭದ್ರನನ್ನು ಕಾಣಲಿ. ರಥವನ್ನು ಕಡೆಯಲ್ಲಿ ತೋರಿಸಿದರಾಯಿತು.