ಹೇಳಿದಂತೆ ಕೇಳುವ ಮಗು

ಆಟಿಸಂ ಇರುವ ಮಗುವಿನ ನಡವಳಿಕೆ ತಿದ್ದುವ ಚಿಕಿತ್ಸೆಯ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ: ಅದರಿಂದ ಗುಣ ಕಾಣುತ್ತದೆಯೇ? ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಯಾರಿಗೆ ಗುಣ? ಮಗು ಕೈಗಳನ್ನು ರೆಕ್ಕೆಯಂತೆ ಆಡಿಸುವುದನ್ನು ನಿಲ್ಲಿಸಿದರೆ ನೆಮ್ಮದಿಯಾಗುವುದು ಮಗುವಿಗೋ, ಮದುವೆಮನೆಯಲ್ಲಿ ಅದನ್ನೇ ದಿಟ್ಟಿಸುತ್ತಿದ್ದ ನೆಂಟರಿಗೋ?

ಬೆಂಗಳೂರಿನ ಥೆರಪಿ ಕೇಂದ್ರಗಳ ಬೋರ್ಡುಗಳಲ್ಲೂ ಈಗ ಕಾಣುವ ‘ಎಬಿಎ’ ಎಂಬ ಈ ಚಿಕಿತ್ಸೆಯನ್ನು ಆಟಿಸಂ ಮಕ್ಕಳಿಗೆ ಒಗ್ಗಿಸಿದವರಲ್ಲಿ ಪ್ರಮುಖರು ನಾರ್ವೆಯಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಈವಾರ್ ಲೊವಾಸ್. ಬೇಕಾದ ನಡತೆಗೆ ಬಹುಮಾನ, ಬೇಡದ್ದಕ್ಕೆ ಶಿಕ್ಷೆ ಅಥವಾ ಉಪೇಕ್ಷೆ: ವಿಧಾನ ಇಷ್ಟೇ. 1965ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಅವರ ಕೆಲಸದ ಚಿತ್ರಗಳನ್ನು ಅಚ್ಚು ಹಾಕಿತು. ಗದರಿಕೆ, ಕಪಾಳಕ್ಕೆ ಏಟು, ಕಾಲಡಿಯಿಂದ ವಿದ್ಯುತ್ ಶಾಕ್, ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. 1987ರಲ್ಲಿ ಅವರದೇ ಪ್ರಬಂಧ ಬಂತು: ವಾರಕ್ಕೆ 40 ಗಂಟೆಯಂತೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ‘ಸಾಮಾನ್ಯ’ರಾದರು ಎಂದು. ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ. ಜೋರಾಗಿ ‘ನೋ’ ಎನ್ನುವುದು, ತೊಡೆಗೆ ಹೊಡೆಯುವುದು ಆ ತರಬೇತಿಯೊಳಗೇ ಇದ್ದವು. ಆದರೂ ತಾಯ್ತಂದೆಯರು ಅದರತ್ತ ಧಾವಿಸಿದರು. ಅವರನ್ನು ದೂರಲಾರೆ. ಅದಕ್ಕೂ ಮುಂಚೆ ಮನಶ್ಶಾಸ್ತ್ರಜ್ಞ ಬ್ರೂನೊ ಬೆಟಲ್‌ಹೈಮ್‌ರಂಥವರು ಮಗುವಿನ ಆಟಿಸಂಗೆ ತಾಯಿಯ ಪ್ರೀತಿಯಿಲ್ಲದ ಮನಸ್ಸೇ ಕಾರಣ ಎನ್ನುತ್ತಿದ್ದರು. ತಾಯಿಯ ಮೇಲಿನ ಆ ಹೊರೆ ಇಳಿಸಿ, ಮಾಡಲು ಏನಾದರೂ ಕೆಲಸ ಕೊಟ್ಟವರನ್ನು ಜನ ನಂಬದೆ ಇನ್ನೇನು ಮಾಡಿಯಾರು?

ಶಿಕ್ಷೆಯ ಕವಲು ಎಲ್ಲಿಗೆ ಹೋಗಿ ನಿಂತಿತು ಎಂಬುದಕ್ಕೆ ಮ್ಯಾಸಚೂಸೆಟ್ಸ್‌ನ ಜಡ್ಜ್ ರೋಟೆನ್‌ಬರ್ಗ್ ಸೆಂಟರ್ ಸಾಕ್ಷಿ. ಅಲ್ಲಿ ಆಟಿಸಂ ಮತ್ತು ಇತರ ಅಂಗವೈಕಲ್ಯವುಳ್ಳವರ ಮೈಗೆ ಯಂತ್ರ ಕಟ್ಟಿ, ‘ತಪ್ಪು’ ಮಾಡಿದಾಗ ದೂರದಿಂದ ಗುಂಡಿ ಒತ್ತಿ ಶಾಕ್ ಕೊಡುತ್ತಿದ್ದರು. ಇದು ಚಿತ್ರಹಿಂಸೆಯೇ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 2013ರಲ್ಲಿ ಹೇಳಿದರು. 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಯಂತ್ರಗಳನ್ನು ನಿಷೇಧಿಸಿತು. ಮರುವರ್ಷವೇ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ತಪ್ಪಿಗೆ ಶಾಕ್ ಕೊಡುವುದನ್ನು ಕೈದಿಯ ವಿಷಯದಲ್ಲಿ ಯಾವ ನ್ಯಾಯಾಧೀಶರೂ ಒಪ್ಪಲಾರರು. ‘ಚಿಕಿತ್ಸೆ’ ಎಂಬ ಹೆಸರಿದ್ದರೆ ವಾದಕ್ಕೆ ಜಾಗ ಸಿಗುತ್ತದೆ.

ಈಗ ಅದೆಲ್ಲ ಹೋಯಿತು, ನಾವು ಆಡಿಸುತ್ತಾ ಕಲಿಸುತ್ತೇವೆ ಎನ್ನುತ್ತಾರೆ ಇಂದಿನ ಥೆರಪಿಸ್ಟರು. ಬಹುಪಾಲು ಇದು ನಿಜ. ಅವರಲ್ಲಿ ಮಕ್ಕಳನ್ನು ನಿಜವಾಗಿ ಪ್ರೀತಿಸುವವರೂ ಇದ್ದಾರೆ. ಹಲ್ಲುಜ್ಜಲು, ರಸ್ತೆ ದಾಟಲು, ಹಸಿವಾದಾಗ ಚಿತ್ರ ತೋರಿಸಿ ಕೇಳಲು ಕಲಿಸುವುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಗುರಿಯ ಬಗ್ಗೆ. ಮಗುವಿಗೆ ಪ್ರಾಣವಾದ ಆಟಿಕೆಯನ್ನು ಕಸಿದಿಟ್ಟುಕೊಂಡು, ಹೇಳಿದ್ದು ಮಾಡಿದಾಗ ಒಂದೊಂದು ನಿಮಿಷ ಕೊಡುವುದರಲ್ಲಿ ಏಟಿಲ್ಲ, ಸರಿ. ಆದರೆ ಮಗು ಕಲಿಯುವುದು ಏನನ್ನು? ತನಗೆ ಇಷ್ಟವಾದದ್ದೆಲ್ಲ ದೊಡ್ಡವರ ಕೈಯಲ್ಲಿದೆ, ತನ್ನ ‘ಬೇಡ’ಕ್ಕೆ ಬೆಲೆಯಿಲ್ಲ ಎಂಬುದನ್ನು. ಯಾರು ಏನು ಹೇಳಿದರೂ ಮಾಡಬೇಕೆಂದು ಗಂಟೆಗಟ್ಟಲೆ ಅಭ್ಯಾಸವಾದ ಮಗು, ನಾಳೆ ಕೆಟ್ಟ ಕೈಯೊಂದು ಮೈಮೇಲೆ ಬಂದಾಗ ಹೇಗೆ ಪ್ರತಿಭಟಿಸೀತು?

ಮಾತು ಬಾರದ ಮಗು ತಲೆಯನ್ನು ಗೋಡೆಗೆ ಬಡಿದುಕೊಂಡರೆ ತಡೆಯಲೇಬೇಕು. ಆದರೆ ಅದಕ್ಕೆ ಕಿವಿನೋವಿರಬಹುದು, ಹಲ್ಲುನೋವಿರಬಹುದು, ಮಿಕ್ಸಿಯ ಸದ್ದು ಸಹಿಸಲಾಗದೆ ಇರಬಹುದು. ಕಾರಣ ಹುಡುಕದೆ ನಡತೆಯನ್ನಷ್ಟೇ ಅಡಗಿಸುವುದು ಉಕ್ಕುವ ಹಾಲಿನ ಮೇಲೆ, ಒಲೆ ಆರಿಸದೆ, ಮುಚ್ಚಳ ಒತ್ತಿಹಿಡಿದಂತೆ.

‘ಕಣ್ಣಲ್ಲಿ ಕಣ್ಣಿಟ್ಟು ನೋಡು’ ಎನ್ನುವ ಪಾಠವಂತೂ ನನಗೆ ವಿಚಿತ್ರವಾಗಿ ಕಾಣುತ್ತದೆ. ಹಿರಿಯರನ್ನು ಎದುರಿಗೆ ದುರುಗುಟ್ಟಿ ನೋಡಬೇಡ ಎಂದು ಉಳಿದ ಮಕ್ಕಳಿಗೆ ಹೇಳಿ ಬೆಳೆಸಿದ ಮನೆಗಳಲ್ಲೇ, ಈ ಒಂದು ಮಗುವಿಗೆ ಮಾತ್ರ ನೋಡಿದ್ದಕ್ಕೆ ಚಿಪ್ಸು! ಎದುರಿನವರ ಕಣ್ಣು ನೋಡಿದರೆ ಅವರ ಮಾತು ಕಿವಿಗೆ ಬೀಳುವುದೇ ಇಲ್ಲ ಎಂದು ಆಟಿಸಂ ಇರುವ ಎಷ್ಟೋ ವಯಸ್ಕರು ಬರೆದಿದ್ದಾರೆ. ಅವರಲ್ಲೊಬ್ಬರಾದ ಜಿಮ್ ಸಿಂಕ್ಲೇರ್ 1993ರಲ್ಲೇ ತಾಯ್ತಂದೆಯರಿಗೆ ಬಿಡಿಸಿ ಹೇಳಿದ್ದರು: ಆಟಿಸಂ ಮಗುವಿನ ಮೇಲೆ ಕವಿದ ಪರದೆಯಲ್ಲ, ಅದನ್ನು ಸರಿಸಿದರೆ ಹಿಂದೆ ಬೇರೊಂದು ಮಗು ಸಿಗುವುದಿಲ್ಲ.

ನಮ್ಮಲ್ಲಿ ಒತ್ತಡ ಹೆಚ್ಚಾಗಿ ಶಾಲೆಯಿಂದ ಬರುತ್ತದೆ. ‘ಒಂದು ಕಡೆ ಕೂರುವುದನ್ನು ಕಲಿಸಿ, ಆಮೇಲೆ ಕರೆತನ್ನಿ’ ಎಂದ ಮೇಲೆ ಅಪ್ಪ ಅಮ್ಮ ಸಾಲ ಮಾಡಿಯಾದರೂ ಕೂರಿಸುವವರನ್ನು ಹುಡುಕುತ್ತಾರೆ. ಆಟಿಸಂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ 2016ರ ಕಾಯ್ದೆ ಮಗುವಿಗೆ ತಕ್ಕಂತೆ ಶಾಲೆ ಬದಲಾಗಬೇಕು ಎನ್ನುತ್ತದೆ. ಕ್ರೂರ, ಅಮಾನವೀಯ, ಅವಮಾನಕರ ವರ್ತನೆಯಿಂದ ರಕ್ಷಣೆಯನ್ನೂ ಅದರ 6ನೇ ಸೆಕ್ಷನ್ ಕೊಡುತ್ತದೆ. ಮುಚ್ಚಿದ ಥೆರಪಿ ಕೋಣೆಗೂ ಆ ಕಾಯ್ದೆ ಅನ್ವಯಿಸುತ್ತದೆ.

ಹಾಗಾಗಿ ಶುಲ್ಕ ಕಟ್ಟುವ ಮುನ್ನ ತಾಯ್ತಂದೆಯರು ಕೇಂದ್ರದವರನ್ನು ಎರಡು ವಿಷಯ ಕೇಳಲಿ: ನಾವು ಒಳಗೆ ಕೂತು ನೋಡಬಹುದೇ? ಮಗು ಬೇಡವೆಂದರೆ ನೀವು ಏನು ಮಾಡುತ್ತೀರಿ? ಮೊದಲನೆಯದಕ್ಕೆ ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಎರಡನೆಯದನ್ನು ಕೇಳದೆ ಮಗುವನ್ನು ಕರೆದುಕೊಂಡು ಹೊರಟುಬಿಡಲಿ.