ಅವಕಾಶ ಪ್ರಾಪ್ತರು

ದೆಹಲಿಗೆ ವರ್ಗವಾಗಿ ಬಂದ ಹೊಸತರಲ್ಲಿ, ನೆರೆಬೀದಿಯ ಮನೆಯೊಂದರ ನಾಮಫಲಕದ ಮೇಲೆ, ಹೆಸರಿನ ಕೆಳಗೆ ‘ಅವಕಾಶ ಪ್ರಾಪ್ತ’ ಎಂದಿದ್ದುದನ್ನು ಕಂಡೆವು. ಪ್ರಾಪ್ತವಾದುದು ಯಾವ ಅವಕಾಶವೋ, ಇಷ್ಟು ಹೆಮ್ಮೆಯಿಂದ ಬರೆಸಿಕೊಂಡಿದ್ದಾರಲ್ಲ ಎಂದು ಬೆರಗಾದೆವು. ಆ ಮಹನೀಯರು ನಿವೃತ್ತರಾಗಿದ್ದರು, ಅಷ್ಟೆ. ಹಿಂದಿಯಲ್ಲಿ ಅವಕಾಶವೆಂದರೆ ಬಿಡುವು, ರಜೆ.

ಸಂಸ್ಕೃತದಲ್ಲಿ ಈ ಶಬ್ದಕ್ಕೆ ತೆರವಾದ ಎಡೆ, ನಡುವಿನ ವೇಳೆ, ತಕ್ಕ ಸಂದರ್ಭ ಎಂಬ ಅರ್ಥಗಳಿವೆ. ಆಕಾಶ, ಪ್ರಕಾಶಗಳಲ್ಲಿರುವ ಧಾತುವೇ ಇದರಲ್ಲಿಯೂ ಇದೆ. ಬಂಗಾಳಿ ಬಿಡುವನ್ನು ಆರಿಸಿಕೊಂಡಿತು. ಮರಾಠಿ, ಗುಜರಾತಿಗಳಲ್ಲಿ ಗ್ರಹತಾರೆಗಳ ನಡುವಣ ಬಯಲೂ ಅವಕಾಶವೇ. ತೆಲುಗು ನಮ್ಮ ಜೊತೆಗಿದೆ. ಮಲಯಾಳದಲ್ಲಿ ಅದು ಹಕ್ಕು: ಮೂಲಭೂತ ಹಕ್ಕುಗಳು ಅಲ್ಲಿ ‘ಮೌಲಿಕಾವಕಾಶ’ಗಳು, ಆಸ್ತಿಯ ಹಕ್ಕುದಾರ ‘ಅವಕಾಶಿ’.

ಕನ್ನಡವು ಹಳೆಯ ಅರ್ಥಗಳನ್ನು ಸಮಾಸಗಳಲ್ಲಿ ಜೋಪಾನವಾಗಿ ಇರಿಸಿಕೊಂಡಿದೆ: ಸ್ಥಳಾವಕಾಶ, ಕಾಲಾವಕಾಶ. ಪಂಕ್ತಿಯಲ್ಲಿ ‘ಸಾವಕಾಶವಾಗಿ ಊಟ ಮಾಡಿ’ ಎಂದು ಉಪಚರಿಸುವಾಗ ನಾವೂ ಬಿಡುವಿನ ಮಾತನ್ನೇ ಆಡುತ್ತೇವೆ. ಮರಾಠಿಯವರೂ ಇದೇ ‘ಸಾವಕಾಶ’ವನ್ನು ಬಡಿಸುತ್ತಾರೆ. ನಮ್ಮ ‘ರಜೆ’ಯಾದರೋ ಸಮ್ಮತಿ ಎಂಬರ್ಥದ ಅರಬ್ಬಿ ಶಬ್ದದಿಂದ ಬಂದದ್ದು.

ಹಿಂದಿಯ ಶಬ್ದಸಂಪತ್ತಿಗೆ ಮುಖ್ಯವಾಗಿ ಸಂಸ್ಕೃತವನ್ನು ಆಶ್ರಯಿಸಬೇಕೆಂದು ಸಂವಿಧಾನದ 351ನೆಯ ವಿಧಿ ಹೇಳುತ್ತದೆ. ಆದ್ದರಿಂದ ಕಚೇರಿಯ ಹಿಂದಿ ದಕ್ಷಿಣದವರಿಗೆ ಸುಲಭವೆಂಬ ಸಮಾಧಾನದ ಮಾತನ್ನು ಇಲ್ಲಿ ಆಗಾಗ ಕೇಳುತ್ತೇವೆ. ನಮಗದು ಪೂರ್ತಿ ಒಪ್ಪಿಗೆಯಿಲ್ಲ. ಅರಿಯದ ಶಬ್ದ ಎದುರಾದರೆ ನಿಘಂಟು ತೆರೆಯುತ್ತೇವೆ; ಪರಿಚಿತ ಶಬ್ದವಾದರೆ ಅನುಮಾನವೇ ಹುಟ್ಟುವುದಿಲ್ಲ, ತಪ್ಪರ್ಥದೊಡನೆಯೇ ಮುಂದೆ ಸಾಗುತ್ತೇವೆ. ಸುತ್ತೋಲೆಯನ್ನು ಹಾಗೆ ಓದಿದವನಿಗೆ ಕೈತಪ್ಪುವುದು ಅವನ ಸೌಲಭ್ಯವೇ ಆಗಿರಬಹುದು. ಒಂದೇ ಶಬ್ದವು ಎಲ್ಲೆಡೆ ಇರುವುದು ಸಂತೋಷದ ಸಂಗತಿ. ಅದು ಎಲ್ಲೆಡೆ ಒಂದನ್ನೇ ನುಡಿಯುತ್ತದೆಂದು ನಂಬಿ ಕಾಗದಪತ್ರ ಹೊರಡಿಸುವುದು ಉದಾಸೀನ. ಅನುವಾದಕರು ಹೆಚ್ಚು ಎಚ್ಚರದಿಂದಿರಬೇಕಾದುದು ಇಂತಹ ಶಬ್ದಗಳಲ್ಲಿಯೇ.

ಕೇಂದ್ರ ನೌಕರರ 1972ರ ರಜಾ ನಿಯಮಗಳಲ್ಲಿ, ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂಬ ನಿಯಮವಿದೆ. ಓಣಂಗೆ ಊರಿಗೆ ಹೋಗಲು ಕೇಳಿದ್ದ ರಜೆ ತಿರಸ್ಕೃತವಾದಾಗ, ಕೇರಳದ ಸಹೋದ್ಯೋಗಿಯೊಬ್ಬರಿಗೆ ನಾವು ಅದನ್ನು ನೆನಪಿಸಿದೆವು. ಅವರು ತಮ್ಮ ಅರ್ಜಿಯ ಹಿಂದಿ ಶೀರ್ಷಿಕೆಯ ಮೇಲೆ ಬೆರಳಿಟ್ಟು, “ಅಂದರೆ ನಿಮ್ಮ ಅವಕಾಶ ನಮ್ಮ ಅವಕಾಶವಲ್ಲ” ಎಂದು ನಕ್ಕು, ಅರ್ಜಿಯನ್ನು ಮಡಚಿ ಕಿಸೆಗೆ ಸೇರಿಸಿದರು.